ಬೈಕು ಓಡಿಸಿದ ಹನ್ನೊಂದು ಅಜ್ಜಿಯರು

ಹಳೇ ಮದರಾಸು ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿಗೆ ಸ್ವಲ್ಪ ಮುಂಚೆ, ಒಂದು ಆಸ್ಪತ್ರೆಯ ಎದುರಿಗೆ ನನ್ನ ಅಂಗಡಿ. ಊರುಗೋಲು, ವಾಕರ್, ಸೊಂಟದ ಬೆಲ್ಟು, ಕತ್ತಿನ ಪಟ್ಟಿ, ಕಾಲಡಿಗೆ ಇಡುವ ದಿಂಬು ಇವೇ ನನ್ನ ಸರಕು. ಯಾರಿಗೂ ಏಟಾಗದಿರಲಿ ಎಂದು ಬೆಳಿಗ್ಗೆ ದೇವರಿಗೆ ಊದುಬತ್ತಿ ಹಚ್ಚುತ್ತೇನೆ. ಹಚ್ಚಿದ ಮೇಲೆ ಒಳಗೆ ಹೋಗಿ ಮೊಣಕಾಲಿನ ಪಟ್ಟಿ ಸಾಕಷ್ಟಿದೆಯೇ ಎಂದು ನೋಡುತ್ತೇನೆ. ದೇವರಿಗೂ ನನಗೂ ಈ ವಿಷಯದಲ್ಲಿ ಇದುವರೆಗೆ ಜಗಳ ಬಂದಿಲ್ಲ.

ಪ್ರಿಯಂವದಾ ಅವರ ಪರಿಚಯವಾದದ್ದು ಒಬ್ಬ ಗಿರಾಕಿಯ ಕಾಲಿನಿಂದ. ನಾಲ್ಕು ವರ್ಷದ ಹಿಂದಿನ ಮಾತು. ಆಸ್ಪತ್ರೆಯಿಂದ ಒಬ್ಬ ಚೀಟಿ ಹಿಡಿದು ಕುಂಟುತ್ತಾ ಬಂದ. ಚೀಟಿಯಲ್ಲಿ ‘ಕಣಕಾಲಿನ ಪಟ್ಟಿ’ ಎಂದಷ್ಟೇ ಇತ್ತು. ಎಡಗಾಲು ಎಳೆಯುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತಲ್ಲ, ಎಡಗಾಲಿನ ಪಟ್ಟಿ ಕಟ್ಟಿಕೊಟ್ಟೆ. ಪಕ್ಕದ ಅಂಗಡಿಯ ಟೀ ಹಿಡಿದು ನನ್ನ ಅಂಗಡಿಯ ನೆರಳಿಗೆ ನಿಂತಿದ್ದ ಹೆಂಗಸೊಬ್ಬರು, ನಲವತ್ತು ದಾಟಿದವರು, ಕೊರಳಲ್ಲಿ ಆಸ್ಪತ್ರೆಯ ಗುರುತಿನ ಕಾರ್ಡು, ಗಿರಾಕಿಯ ಚೀಟಿಯ ಕಡೆಗೆ ಬಗ್ಗಿ ನೋಡಿದರು.

“ಎಡಗಾಲು ಅಂತ ಎಲ್ಲಿ ಬರೆದಿದೆ?”

“ಬರೀಬೇಕಾ ಮೇಡಂ? ಕುಂಟ್ತಿರೋದು ಕಾಣ್ತಿದೆಯಲ್ಲ.”

“ಕಾಣೋದು ಬೇರೆ, ಬರೆದಿರೋದು ಬೇರೆ. ಕೇಳಿ.”

ಕೇಳಿದೆ. ಎಡಗಾಲು ಹುಟ್ಟಿದಾಗಿನಿಂದ ಹಾಗೇ ಇದೆಯಂತೆ. ಮೊನ್ನೆ ಉಳುಕಿದ್ದು ಬಲಗಾಲು. ಪಟ್ಟಿ ಬದಲಾಯಿಸಿ ಕೊಟ್ಟೆ. ಆಕೆ ಟೀ ಮುಗಿಸಿ, ಲೋಟ ಪಕ್ಕದ ಅಂಗಡಿಗೆ ಕೊಟ್ಟು, ಏನೂ ಆಗಿಲ್ಲವೆಂಬಂತೆ ರಸ್ತೆ ದಾಟಿದರು. ಮೂವತ್ತು ವರ್ಷದ ವ್ಯಾಪಾರಿಗೆ ಕಾಲು ಗುರುತಿಸಲು ಕಲಿಸಿ ಹೋದವರು ಯಾರು ಎಂದು ಟೀ ಅಂಗಡಿಯವನನ್ನು ವಿಚಾರಿಸಿದೆ. “ಅವ್ರಾ? ಆಸ್ಪತ್ರೆ ರೆಕಾರ್ಡ್ ರೂಮಿನವ್ರು. ಕೋಡಿಂಗ್ ಮಾಡ್ತಾರಂತೆ” ಎಂದ.

ಈ ಊರಿನಲ್ಲಿ ‘ಕೋಡಿಂಗ್’ ಎಂದು ಕೇಳಿದ ಕೂಡಲೇ ಜನ ಮನಸ್ಸಿನಲ್ಲೇ ಒಂದು ಸಂಬಳ ಕಟ್ಟಿ ಅದಕ್ಕೆ ತಕ್ಕ ಗೌರವ ಕೊಡುತ್ತಾರೆ. ಇವರದು ಆ ಬಗೆಯದಲ್ಲ ಎಂದು ತಿಳಿದ ಮೇಲೆ ಗೌರವವನ್ನು ಸ್ವಲ್ಪ ಹಿಂದಕ್ಕೆ ಪಡೆಯುತ್ತಾರೆ. ಪ್ರಿಯಂವದಾ ಅವರಿಗೆ ಎರಡೂ ರೂಢಿಯಾಗಿತ್ತು. ಅವರ ಕೆಲಸ ಇಷ್ಟು: ಆಸ್ಪತ್ರೆಗೆ ಬಂದವನಿಗೆ ಏನಾಯಿತು, ಎಲ್ಲಿ ಮುರಿಯಿತು, ಹೇಗೆ ಮುರಿಯಿತು ಎಂದು ಡಾಕ್ಟರು ಬರೆದದ್ದನ್ನೆಲ್ಲ ಓದಿ, ಲೋಕವೆಲ್ಲ ಒಪ್ಪಿದ ಒಂದು ದಪ್ಪ ಪಟ್ಟಿಯಿಂದ ಅದಕ್ಕೆ ಸರಿಯಾದ ಅಂಕಿಯನ್ನು ಹಾಕುವುದು. ವಿಮೆಯವರು ಓದುವುದು ಆ ಅಂಕಿಯನ್ನು, ಮನುಷ್ಯನನ್ನಲ್ಲ.

ಇಲ್ಲಿಗೆ ಬರುವ ಮುಂಚೆ ಅವರು ಹನ್ನೆರಡು ವರ್ಷ ದೊಡ್ಡನೆಕ್ಕುಂದಿಯ ಒಂದು ಕಚೇರಿಯಲ್ಲಿ ಕೂತು ಅಮೆರಿಕದವರ ಅಪಘಾತಗಳಿಗೆ ಅಂಕಿ ಹಾಕುತ್ತಿದ್ದರು. ನೋಡದ ರಸ್ತೆ, ನೋಡದ ಜನ. ಯಾವ ರಾಜ್ಯದವರು ಜಿಂಕೆಗೆ ಗುದ್ದುತ್ತಾರೆ, ಯಾರು ಹಿಮದಲ್ಲಿ ಜಾರುತ್ತಾರೆ ಎಲ್ಲ ಗೊತ್ತಿತ್ತು. ಅಲ್ಲಿ ಎಡಗಾಲು ಬಲಗಾಲು ಎಂದು ಬೇರೆ ಬೇರೆ ಅಂಕಿ. ಒಂದು ತಪ್ಪಿದರೆ ಕಾಗದ ಹಿಂದಕ್ಕೆ. ಆ ಕಚೇರಿ ಮುಚ್ಚಿದ ಮೇಲೆ ತಮ್ಮದೇ ರಸ್ತೆಯ ಆಸ್ಪತ್ರೆಗೆ ಬಂದರು.

“ಅಲ್ಲಿಗೂ ಇಲ್ಲಿಗೂ ಏನ್ ಫರಕು ಮೇಡಂ?” ಎಂದು ಒಮ್ಮೆ ಕೇಳಿದೆ.

“ಅಲ್ಲಿ ಜಿಂಕೆ, ಇಲ್ಲಿ ಹಸು. ಅಂಕಿ ಒಂದೇ.”

“ಹಸುಗೂ ಅಂಕಿ ಇದೆಯಾ?”

“ಬೈಕಿನವನು ಹಸುಗೆ ಗುದ್ದಿದ್ರೂ, ನಡ್ಕೊಂಡು ಹೋಗ್ತಿರೋ ಮನುಷ್ಯನಿಗೆ ಗುದ್ದಿದ್ರೂ ಪುಸ್ತಕದಲ್ಲಿ ಒಂದೇ ಗುಂಪು ಶೆಟ್ರೇ.”

ನಮ್ಮ ರಸ್ತೆ ದಾಟುವವರ ಗತಿಯನ್ನು ಎಲ್ಲೋ ದೂರದಲ್ಲಿ ಕೂತವರು ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡಿದ್ದಾರೆ ಎಂದು ನನಗೆ ಸಂತೋಷವಾಯಿತು.

ಅವರಿಗೆ ಒಂದೇ ನಿಯಮ: ಊಹೆ ಮಾಡಬಾರದು. ಡಾಕ್ಟರು ಬರೆಯದಿದ್ದರೆ ಅದು ಆಗಿಲ್ಲ. ಬರೆದದ್ದು ಅನುಮಾನ ಹುಟ್ಟಿಸಿದರೆ ಡಾಕ್ಟರನ್ನು ಲಿಖಿತದಲ್ಲಿ ಕೇಳಬೇಕು. ಕೇಳುವಾಗ ಉತ್ತರವನ್ನು ಪ್ರಶ್ನೆಯೊಳಗೆ ಇಟ್ಟು ಕೊಡಬಾರದು. ಈ ನಿಯಮ ಅವರ ಬಾಳಿನ ತುಂಬಾ ಹರಡಿಕೊಂಡಿತ್ತು. ಸಿ.ವಿ. ರಾಮನ್ ನಗರದ ಮನೆಯಲ್ಲಿ ಅವರ ತಂದೆ ಶ್ರೀಕಂಠಯ್ಯನವರೂ ಜೊತೆಗಿದ್ದಾರೆ. ವಿಮಾ ಕಚೇರಿಯಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಸಕ್ಕರೆ ಕಾಯಿಲೆಗೆ ಕಾಲ್ಚೀಲ ಕೊಳ್ಳಲು ನನ್ನ ಅಂಗಡಿಗೆ ಬಂದಾಗ ದೂರು ಹೇಳುತ್ತಿದ್ದರು: “ಸಾರಿಗೆ ಉಪ್ಪು ಹಾಕಿದ್ದೀಯೇನಮ್ಮಾ ಅಂದ್ರೆ, ‘ಉಪ್ಪು ಕಡಿಮೆ ಅನ್ನಿಸ್ತಾ, ಹೆಚ್ಚು ಅನ್ನಿಸ್ತಾ, ಸರಿ ಅನ್ನಿಸ್ತಾ, ನೀವೇ ಹೇಳಿ’ ಅಂತಾಳೆ ರೀ! ಊಟಕ್ಕೆ ಕೂತಿದ್ದೀನೋ ಸಾಕ್ಷಿ ಹೇಳೋಕೆ ನಿಂತಿದ್ದೀನೋ ಗೊತ್ತಾಗಲ್ಲ.” ದೂರಿನಲ್ಲಿ ಹೆಮ್ಮೆ ಎಷ್ಟಿತ್ತು ಎಂದು ನಾನು ತೂಕ ಹಾಕಬಲ್ಲೆ. ದೂರಿಗಿಂತ ಹೆಚ್ಚೇ ಇತ್ತು.

ಹೀಗೆ ನೆಮ್ಮದಿಯಾಗಿ ನಡೆಯುತ್ತಿದ್ದ ನಿಯಮಕ್ಕೆ ಹೋದ ವರ್ಷ ಕಾರ್ತಿಕದಲ್ಲಿ ಒಬ್ಬ ಅಜ್ಜಿ ಅಡ್ಡ ಬಂದರು.

ಒಂದು ಮಂಗಳವಾರ ಮಧ್ಯಾಹ್ನ, ಮೂವತ್ತರ ಆಸುಪಾಸಿನ ಗಂಡಸೊಬ್ಬ ಅಂಗಡಿಗೆ ಬಂದ. ಹೆಸರು ಭೀಮಾಶಂಕರ. ಲಿಂಗಸುಗೂರು ಕಡೆಯವನು, ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ. ಮೊಣಕೈಗೆ ಪ್ಲಾಸ್ಟರು ಅಂಟಿಸಿಕೊಂಡಿದ್ದ.

“ಅಣ್ಣಾರ, ಡ್ರೈವಿಂಗ್ ಲೈಸೆನ್ಸ್ ಮಾಡ್ಸಾಕ ಎಷ್ಟ್ ದಿನ ಬೇಕಾಗ್ತೈತ್ರಿ?”

“ನಾನು ಮಾರೋದು ಊರುಗೋಲಪ್ಪಾ. ಯಾಕೆ, ನಿನ್ನ ಹತ್ರ ಇಲ್ವಾ?”

“ನಂದು ಐತ್ರಿ. ನಮ್ಮವ್ವಂದು ಬೇಕಂತ.”

“ನಿಮ್ಮವ್ವನಿಗೆ ವಯಸ್ಸೆಷ್ಟು?”

“ಅರವತ್ತಮೂರು.”

ಕೂರಿಸಿ ನೀರು ಕೊಟ್ಟೆ. ಸೋಮವಾರ ಸಂಜೆ ಅವನು ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕೆ.ಆರ್. ಪುರದ ಸಂತೆಯಿಂದ ಮನೆಗೆ ಹೋಗುತ್ತಿದ್ದನಂತೆ. ಎಡಗಡೆಯಿಂದ ನುಗ್ಗಿದ ಕಾರೊಂದು ಸವರಿಕೊಂಡು ಹೋಯಿತು. ಇವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನಿಲ್ಲ. ತಾಯಿಯ ಬಲಗಾಲಿನ ಕಣಕಾಲು ಎರಡು ಕಡೆ ಮುರಿದು ಜಾರಿದೆ. ತಗಡು ಕೂರಿಸಿ ತಿರುಪು ಹಾಕಬೇಕು. ಗುರುವಾರ ಬೆಳಿಗ್ಗೆ ಆಪರೇಷನ್ ಗೊತ್ತಾಗಿದೆ. ಇವನ ಕಾರ್ಖಾನೆಯ ವಿಮೆಯಲ್ಲಿ ತಂದೆತಾಯಿಯೂ ಸೇರುತ್ತಾರೆ, ತೊಂದರೆ ಇಲ್ಲ ಎಂದುಕೊಂಡಿದ್ದ. ಆದರೆ ವಿಮೆಯವರು ಆಸ್ಪತ್ರೆಯಿಂದ ಹೋದ ಕಾಗದ ಓದಿ, ರೋಗಿಯ ಚಾಲನಾ ಪರವಾನಗಿ ಕಳಿಸಿ, ಇಲ್ಲದಿದ್ದರೆ ಒಪ್ಪಿಗೆ ಇಲ್ಲ ಎಂದಿದ್ದರು.

“ಗಾಡಿ ನಮ್ಮವ್ವನ ಹೊಡೀತಿದ್ಲು ಅಂತ ಆಸ್ಪತ್ರ್ಯಾಗ ಬರದಾರ್ರಿ. ನಮ್ಮವ್ವಗ ಸೈಕಲ್ಲೂ ಬರಂಗಿಲ್ಲ.”

ಅವನ ತಾಯಿ ಅಮೃತಮ್ಮ ಕೆ.ಆರ್. ಪುರದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವವರು. ಬೆಳಿಗ್ಗೆ ಎಂಟಕ್ಕೆ ಹೆಂಚಿನ ಮುಂದೆ ನಿಂತರೆ ಮಧ್ಯಾಹ್ನ ಮೂರರವರೆಗೆ ನಿಂತೇ ಇರುವ ಕೆಲಸ. ಕಣಕಾಲು ಸರಿಯಾಗಿ ಕೂರದಿದ್ದರೆ ಆ ಕೆಲಸ ಮುಗಿದಂತೆ.

“ಗುರುವಾರದೊಳಗ ಒಪ್ಪಿಗಿ ಬರ್ಲಿಲ್ಲಂದ್ರ ನಾಟಿ ವೈದ್ಯರ ಪುತ್ತೂರು ಕಟ್ಟು ಕಟ್ಟಸ್ಕೊಂಡು ಊರಿಗೆ ಹೋಗ್ತೀನಿ ಅಂತ ಕುಂತಾಳ್ರಿ. ಮುಂದ ರೊಟ್ಟಿ ಬಡಿಯಾಕ ಆಗ್ಲಿಲ್ಲಂದ್ರ ನಮ್ಮವ್ವ ನಮ್ಮವ್ವ ಆಗಿ ಇರಂಗಿಲ್ಲ.”

ಹನ್ನೊಂದರ ಟೀ ಆಗಲೇ ಮುಗಿದಿತ್ತು. ನಾಲ್ಕರ ಟೀಗೆ ಪ್ರಿಯಂವದಾ ಬರುವವರೆಗೂ ಅವನನ್ನು ಅಂಗಡಿಯಲ್ಲೇ ಕೂರಿಸಿಕೊಂಡೆ. ಬಂದರು. ಹೇಳಿದೆವು. ಹೆಸರು ಕೇಳಿದ ಕೂಡಲೇ ಅವರ ಮುಖ ಬದಲಾಯಿತು.

“ಅಮೃತಮ್ಮ, ಅರವತ್ತಮೂರು, ಬಲಗಣಕಾಲು. ವಿ ಇಪ್ಪತ್ತಮೂರು, ಚುಕ್ಕೆ, ನಾಲ್ಕು. ನಾನೇ ಹಾಕಿದ್ದು.”

“ಹಂಗಂದ್ರ ಏನ್ರೀ ಅಕ್ಕಾರ?” ಎಂದ ಭೀಮಾಶಂಕರ.

“ಬೈಕಿಗೆ ಕಾರು ತಾಗಿದ್ರೆ ಇಪ್ಪತ್ತಮೂರು. ನಾಲ್ಕು ಅಂದ್ರೆ ಓಡಿಸ್ತಿದ್ದವ್ರು. ಹಿಂದೆ ಕೂತಿದ್ದವ್ರಾದ್ರೆ ಐದು.”

“ಅಷ್ಟೇ ಏನು! ನಾಕು ಹೋಗಿ ಐದ್ ಮಾಡ್ರಲ್ಲ.”

“ಆಗಲ್ಲಪ್ಪ. ಡಾಕ್ಟ್ರು ಓಡಿಸ್ತಿದ್ರು ಅಂತಾನೇ ಬರೆದಿದ್ದಾರೆ. ನಾನು ಬದಲಾಯಿಸಿದ್ರೆ ಅದು ಸುಳ್ಳು ದಾಖಲೆ.”

ನನಗೆ ತಡೆಯಲಾಗಲಿಲ್ಲ. “ಮೇಡಂ, ಆ ಅಜ್ಜಿ ಹಿಂದೆ ಕೂತಿದ್ದು ನಿಜ. ನಿಜ ಬರೆದ್ರೆ ಸುಳ್ಳಾಗತ್ತಾ?”

“ನಾನು ಬರೆದ್ರೆ ಆಗತ್ತೆ ಶೆಟ್ರೇ. ಡಾಕ್ಟ್ರು ಬರೆದ್ರೆ ಆಗಲ್ಲ.”

“ಗೊತ್ತಿಲ್ಲ ಅನ್ನೋಕೂ ಒಂದು ಅಂಕಿ ಇರ್ಬೇಕಲ್ಲ?”

“ಇದೆ, ಒಂಬತ್ತು. ಆದ್ರೆ ಇಲ್ಲಿ ಗೊತ್ತಿಲ್ಲ ಅಂತ ಯಾರೂ ಬರೆದಿಲ್ಲವಲ್ಲ. ಗೊತ್ತಿದೆ ಅಂತ ತಪ್ಪಾಗಿ ಬರೆದಿದ್ದಾರೆ.” ಟೀಯನ್ನು ಅರ್ಧಕ್ಕೇ ಬಿಟ್ಟರು. ನಾಲ್ಕು ವರ್ಷದಲ್ಲಿ ಅದು ಮೊದಲ ಸಲ.

ಅಂದೇ ಡಾಕ್ಟರಿಗೆ ಪ್ರಶ್ನೆ ಕಳಿಸಿದರು. ಸೋಮವಾರ ಸಂಜೆ ತುರ್ತು ವಿಭಾಗದಲ್ಲಿ ಅಮೃತಮ್ಮನನ್ನು ನೋಡಿದವರು ಡಾಕ್ಟರ್ ಅಕ್ತರ್. ಫ್ರೇಜರ್ ಟೌನಿನ ಹುಡುಗ, ಓದು ಮುಗಿಸಿ ಎರಡು ವರ್ಷ. ಒಳ್ಳೆಯವರು, ಆದರೆ ಒಂದು ಪಾಳಿಗೆ ಐವತ್ತು ಜನರನ್ನು ನೋಡುವವರು. ಪ್ರಿಯಂವದಾ ಬರೆದ ಪ್ರಶ್ನೆಯನ್ನು ಆಮೇಲೆ ನನಗೆ ತೋರಿಸಿದರು: ‘ಅಪಘಾತದ ಸಮಯದಲ್ಲಿ ರೋಗಿಯು ವಾಹನದ ಮೇಲೆ ಯಾವ ಸ್ಥಾನದಲ್ಲಿದ್ದರು ಎಂಬುದನ್ನು ದಯವಿಟ್ಟು ಸ್ಪಷ್ಟಪಡಿಸಿ.’ ಅಜ್ಜಿ ಎಂಬ ಮಾತಿಲ್ಲ, ಹಿಂದೆ ಎಂಬ ಮಾತಿಲ್ಲ. ಇಂಥ ಪ್ರಶ್ನೆಯನ್ನು ನನಗೆ ಗಿರಾಕಿಗಳು ಕೇಳಿದ್ದರೆ ನಾನು ಅಂಗಡಿ ಮುಚ್ಚಿ ಕಾಶಿಗೆ ಹೋಗುತ್ತಿದ್ದೆ.

ಬುಧವಾರ ಬೆಳಿಗ್ಗೆ ಉತ್ತರ ಬಂತು: ‘ಈಗಾಗಲೇ ಬರೆದಿರುವಂತೆ.’

ಆ ಹೊತ್ತಿಗೆ ಭೀಮಾಶಂಕರನಿಗೆ ನಾನು ಒಂದು ದಿಂಬು ಮಾರಿದ್ದೆ. ಅದನ್ನು ತಲುಪಿಸಲು ವಾರ್ಡಿಗೆ ಹೋದೆ. ಅಮೃತಮ್ಮ ಹಾಸಿಗೆಯ ಮೇಲೆ ಬಲಗಾಲಿಗೆ ಅರ್ಧ ಪಟ್ಟಿ ಹಾಕಿಸಿಕೊಂಡು, ಪಕ್ಕದ ಹಾಸಿಗೆಯವಳಿಗೆ ಹಿಟ್ಟಿಗೆ ಎಷ್ಟು ಬಿಸಿನೀರು ಹಾಕಬೇಕೆಂದು ಪಾಠ ಹೇಳುತ್ತಿದ್ದರು. ನಾನು ದಿಂಬು ಇಡುತ್ತಿದ್ದಾಗ ಬಾಗಿಲಲ್ಲಿ ಪ್ರಿಯಂವದಾ ಕಾಣಿಸಿದರು. ಒಳಗೆ ಬರುವುದೋ ಬೇಡವೋ ಎಂದು ನಿಂತಿದ್ದರು. ಹದಿನಾರು ವರ್ಷದಲ್ಲಿ ಸಾವಿರಾರು ಮುರಿದ ಮೂಳೆಗಳಿಗೆ ಅಂಕಿ ಹಾಕಿದ್ದ ಆ ಹೆಂಗಸು, ತಾವು ಅಂಕಿ ಹಾಕಿದ ಒಬ್ಬ ಮನುಷ್ಯನನ್ನೂ ನೋಡಲು ಬಂದಿರಲಿಲ್ಲವಂತೆ.

ಭೀಮಾಶಂಕರ ಪರಿಚಯ ಮಾಡಿಸಿದ: “ಯವ್ವಾ, ಇವ್ರ ನೋಡು ನಂಬರ್ ಹಾಕಿದವ್ರು.”

“ನೀ ಏನವಾ ನನ್ನ ಡ್ರೈವರ್ ಮಾಡಿದಾಕಿ?” ಅಮೃತಮ್ಮ ಮೇಲಿಂದ ಕೆಳಗೆ ನೋಡಿದರು. “ನಮ್ಮೂರಾಗ ಹೇಳಿದ್ರ ನನ್ನ ಮ್ಯಾಲ ಹಾಡ ಕಟ್ತಾರ. ಬೈಕ್ ಅಮೃತವ್ವ ಅಂತ.”

“ತಪ್ಪಾಗಿದೆ ಅಮೃತಮ್ಮ. ಸರಿ ಮಾಡ್ಸೋಕೆ ಪ್ರಯತ್ನ ಮಾಡ್ತಿದ್ದೀನಿ. ನೀವು ಹೇಳಿದ್ದನ್ನ ನಾನು ಬರ್ಕೊಳ್ಳೋ ಹಾಗಿಲ್ಲ. ಸುಮ್ನೆ ನೋಡೋಣ ಅಂತ ಬಂದೆ.”

“ಬರ್ಕೊಳ್ಳಂಗಿಲ್ಲಂದ್ರ ಬಿಡು, ನೋಡರ ನೋಡು. ಹೆಂಗ ಕುಂತಿದ್ದೆ ತೋರಸ್ತೀನಿ. ಭೀಮಾ, ಹಿಡಿ ನನ್ನ.”

ಮಗನ ಭುಜ ಹಿಡಿದು ಅಮೃತಮ್ಮ ಹಾಸಿಗೆಯ ಅಂಚಿಗೆ ಸರಿದು ಕೂತರು. ಎರಡು ಕಾಲೂ ಒಂದೇ ಕಡೆ, ಎಡಗಡೆ. ಮಡಿಲಲ್ಲಿ ಹೊಸ ದಿಂಬು. “ಇದು ಸಂತಿ ಚೀಲ. ಇದು ನನ್ನ ಮಗ. ಬಲಗಾಲ ಫುಟ್‌ರೆಸ್ಟ್ ಮ್ಯಾಲ. ಎಡಗಾಲ ಜೋತಾಡ್ತಿತ್ತು. ಆ ಕಾರು ಹಿಂಗ ಬಂತು, ಈ ಎರಡೂ ಕಾಲ ಉಜ್ಜಿ, ಇದನ್ನ ಮುರದು ಹೋತು. ತಿಳೀತ?”

ಸೀರೆ ಉಟ್ಟ ಹೆಂಗಸರು ಬೈಕಿನ ಹಿಂದೆ ಹೇಗೆ ಕೂರುತ್ತಾರೆ ಎಂಬುದು ಈ ನಾಡಿನಲ್ಲಿ ಎಳೆಮಗುವಿಗೂ ಗೊತ್ತು. ಪ್ರಿಯಂವದಾ ಅವರ ತಾಯಿ ಹಾಗೆ ಕೂತಿದ್ದರು, ಅತ್ತೆ ಹಾಗೆ ಕೂತಿದ್ದರು. ಆದರೆ ಅಮೆರಿಕದ ಕಾಗದ ಓದಿ ಕಲಿತ ಕಣ್ಣಿಗೆ, ಹಿಂದೆ ಕೂತವರು ಅಂದರೆ ಮುಂದೆ ಕೂತವರ ಹಾಗೇ ಎರಡೂ ಬದಿಗೆ ಕಾಲು ಹಾಕಿದವರು. ಅವರು ಅಮೃತಮ್ಮನ ಎರಡೂ ಮೊಣಕಾಲ ಕೆಳಗೆ, ಮುಂಭಾಗದಲ್ಲಿ ಅಂಟಿಸಿದ್ದ ಪಟ್ಟಿಗಳನ್ನೇ ನೋಡುತ್ತಿದ್ದರು.

“ಕಾರು ಎಡಗಡೆಯಿಂದ ಬಂತು,” ಎಂದರು, ಯಾರಿಗೆಂದು ಅಲ್ಲ. “ಮುರಿದದ್ದು ಬಲಗಾಲು.”

“ಹೌದವಾ, ಅದನ್ನ ಹೇಳಾಕತ್ತೀನಿ.”

“ನಿಮ್ಮ ಮಾತು ಬೇಕಾಗಿಲ್ಲ ಅಮೃತಮ್ಮ!” ಮುಖ ಅರಳಿಹೋಗಿತ್ತು. “ಎಲ್ಲ ಫೈಲಲ್ಲೇ ಇದೆ. ನಾನೇ ಅಂಕಿ ಹಾಕಿದ್ದೀನಿ. ಒಂದೊಂದನ್ನೂ ಬೇರೆ ಬೇರೆಯಾಗಿ ಓದಿ ಹಾಕಿದ್ದೀನಿ, ಜೋಡಿಸಿ ನೋಡ್ಲಿಲ್ಲ.”

ಅಷ್ಟು ಹೇಳಿ ಓಡಿದರು. ಅಮೃತಮ್ಮ ನನ್ನ ಕಡೆ ತಿರುಗಿದರು: “ಈಕಿ ಚಲೋ ಅದಾಳೇನು? ಮಾತ ಬೇಕಾಗಿಲ್ಲ ಅಂತಾಳ, ನಕ್ಕೋಂತ ಓಡ್ತಾಳ.”

“ಚೆನ್ನಾಗಿದ್ದಾರೆ. ಸ್ವಲ್ಪ ದಾಖಲೆ ಜಾಸ್ತಿ” ಎಂದೆ.

ಎರಡನೆಯ ಪ್ರಶ್ನೆ ಹೀಗಿತ್ತು. ‘ತಮ್ಮ ದಾಖಲೆಯಂತೆ: ವಾಹನ, ಮೋಟಾರ್ ಬೈಕು. ಡಿಕ್ಕಿ, ಎಡಗಡೆಯಿಂದ. ಗಾಯ, ಬಲಗಣಕಾಲಿನ ಮೂಳೆ ಮುರಿತ, ಎರಡೂ ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ತರಚು, ಎಡತೊಡೆಯ ಹೊರಬದಿಯಲ್ಲಿ ಗಾಯವಿಲ್ಲ, ಕೈಗಳಲ್ಲಿ ಗಾಯವಿಲ್ಲ. ಸ್ಥಾನ, ಚಾಲಕಿ. ಮೇಲಿನ ಗಾಯಗಳನ್ನು ಗಮನಿಸಿ ಸ್ಥಾನವನ್ನು ಸ್ಪಷ್ಟಪಡಿಸಿ: ಚಾಲಕಿ, ಸಹಸವಾರಿ, ಇತರೆ, ಹೇಳಲಾಗದು.’

ಒಂದು ಸುಳಿವೂ ಕೊಡದೆ ಎಲ್ಲವನ್ನೂ ಹೇಳುವ ಈ ಕಲೆ ನನಗಿದ್ದಿದ್ದರೆ ಇಂದಿರಾನಗರದಲ್ಲಿ ಎರಡು ಅಂಗಡಿ ಇರುತ್ತಿದ್ದವು.

ಮಧ್ಯಾಹ್ನ ಮೂರಕ್ಕೆ ಡಾಕ್ಟರ್ ಅಕ್ತರ್ ಸಂಜೆಯ ಪಾಳಿಗೆ ಬೇಗನೆ ಬಂದು, ಸ್ಕೂಟರನ್ನು ನನ್ನ ಅಂಗಡಿಯ ಮುಂದೆಯೇ ನಿಲ್ಲಿಸಿದರು. ಪ್ರಿಯಂವದಾ ಅಂದು ನಾಲ್ಕರ ಟೀಯನ್ನು ಮೂರಕ್ಕೇ ಹಿಡಿದು ನಿಂತಿದ್ದರು.

“ಮೇಡಂ, ನಿಮ್ಮ ಕ್ವೆರಿ ಓದ್ದೆ. ಊಟ ಮಾಡ್ತಾ ಓದ್ತಿದ್ದೆ, ನಮ್ಮ ಅಮ್ಮಿ ಏನೋ ಅದು ಅಂತ ಕೇಳಿದ್ರು. ಗಾಯ ಎಲ್ಲೆಲ್ಲಿ ಅಂತ ಹೇಳ್ದೆ ಅಷ್ಟೇ. ‘ಅರೇ ಬೇಟಾ, ಆ ಅಮ್ಮ ಹಿಂದೆ ಕೂತಿದ್ದು ಅಲ್ವಾ, ನಂಗೂ ನಿಮ್ಮ ಅಬ್ಬಾ ಬೀಳಿಸಿದಾಗ ಇಲ್ಲಿ ಇಲ್ಲಿ ತಾನೇ ಆಗಿದ್ದು’ ಅಂದ್ಬಿಟ್ರು. ಐದು ವರ್ಷ ಎಂ.ಬಿ.ಬಿ.ಎಸ್. ಓದಿದ್ದು ದಂಡ.”

“ನೀವು ಯಾಕೆ ಡ್ರೈವರ್ ಅಂತ ಬರೆದ್ರಿ ಅಂತ ನಾನು ಕೇಳೋ ಹಾಗಿಲ್ಲ” ಎಂದರು ಪ್ರಿಯಂವದಾ.

“ಕೇಳ್ಬೇಡಿ, ನಾನೇ ಹೇಳ್ತೀನಿ. ನಾನು ಬರೆದೇ ಇಲ್ಲ. ಕಂಪ್ಯೂಟರಲ್ಲಿ ಬೈಕು ಅಂತ ಒತ್ತಿದ ತಕ್ಷಣ ಮೊದಲನೇ ಸಾಲು ತಾನೇ ಟಿಕ್ ಆಗ್ಬಿಡತ್ತೆ. ಮೊದಲನೇ ಸಾಲು ಡ್ರೈವರ್. ಹೊರಗಡೆ ಹತ್ತು ಜನ ನಿಂತಿರ್ತಾರೆ, ಯಾರು ಕೆಳಗಿನ ಸಾಲು ನೋಡ್ತಾರೆ? ನಿನ್ನೆ ನೀವು ಕೇಳ್ದಾಗ್ಲೂ ಅದೇ ಸಾಲು ನೋಡಿ, ನಾನೇ ಬರೆದಿದ್ದೀನಲ್ಲ ಅಂದ್ಕೊಂಡೆ.”

ಪ್ರಿಯಂವದಾ ಲೋಟ ಕೆಳಗಿಟ್ಟರು. ಆಗ ಅವರ ಮನಸ್ಸಿನಲ್ಲಿ ಏನು ಹೊಳೆಯಿತು ಎಂದು ನನಗೆ ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ಹೇಳಿದ್ದು ಇಷ್ಟೇ: “ಹಳೇದನ್ನ ಅಳಿಸ್ಬೇಡಿ ಡಾಕ್ಟರೇ. ಅದರ ಕೆಳಗೆ ಹೊಸದು ಬರೆದು, ತಾರೀಖು, ಹೊತ್ತು, ಸಹಿ ಹಾಕಿ.”

ಅಕ್ತರ್ ವಾರ್ಡಿಗೆ ಹೋಗಿ, ಅಮೃತಮ್ಮನ ಕಾಲು ಇನ್ನೊಮ್ಮೆ ನೋಡಿ, ಅವರಿಂದ ಬೈಸಿಕೊಂಡು, ಹಾಗೆಯೇ ಬರೆದರು. ನಾಲ್ಕು ಗಂಟೆಗೆ ಅಮೃತಮ್ಮನ ಅಂಕಿ ಐದು ಆಯಿತು. ಕಾಗದ ವಿಮೆಯವರಿಗೆ ಹೋಯಿತು.

ಇನ್ನು ಉಳಿದದ್ದು ಕಾಯುವುದು. ಐದಾಯಿತು, ಆರಾಯಿತು. ಭೀಮಾಶಂಕರ ರಸ್ತೆಯ ಆ ಕಡೆಗೂ ಈ ಕಡೆಗೂ ದಾಟುತ್ತಲೇ ಇದ್ದ. ಅವನಿಗೂ ಒಂದು ಅಂಕಿ ಬಿದ್ದೀತೆಂದು ಹೆದರಿ ಹಿಡಿದು ಕೂರಿಸಿದೆ. ಪ್ರಿಯಂವದಾ ಮನೆಗೆ ಹೋಗುವ ಹೊತ್ತು ಮೀರಿದ್ದರೂ ಹೋಗಿರಲಿಲ್ಲ. ತಂದೆಗೆ ಫೋನು ಮಾಡಿ ತಡವಾಗುತ್ತದೆ ಎಂದರು. ಆ ಕಡೆಯಿಂದ ಶ್ರೀಕಂಠಯ್ಯನವರ ದನಿ ನನಗೂ ಕೇಳುವಷ್ಟಿತ್ತು.

“ಲೈಸೆನ್ಸ್ ಕೇಳಿದ್ದು ಸರಿಯಾಗೇ ಇದೆ. ನಾನಿದ್ದಿದ್ರೂ ಕೇಳ್ತಿದ್ದೆ.”

“ಗೊತ್ತಪ್ಪಾ.”

“ಹೊಸ ಬರಹಕ್ಕೆ ತಾರೀಖು ಹೊತ್ತು ಹಾಕ್ಸಿದ್ಯಾ? ಹಳೇದು ಹಾಗೇ ಇದೆಯಾ? ಓಡಿಸ್ತಿದ್ದ ಹುಡುಗನ ಲೈಸೆನ್ಸು?”

ಪ್ರಿಯಂವದಾ ತಟ್ಟನೆ ಭೀಮಾಶಂಕರನ ಕಡೆ ನೋಡಿದರು. “ನಿಮ್ಮ ಲೈಸೆನ್ಸ್ ಕಳ್ಸಿದ್ದೀರಾ?”

“ನಂದು ಯಾರೂ ಕೇಳಿಲ್ಲಲ್ರಿ.”

“ಕೇಳೋಕ್ ಮುಂಚೆ ಕೊಡು ಅಂತ ಹೇಳು ಅವನಿಗೆ,” ಎಂದಿತು ಫೋನು. “ಕೇಳೋವರೆಗೆ ಕಾದ್ರೆ ನಾಳೆ ಆಗತ್ತೆ. ನಮ್ಮ ಕಚೇರೀಲಿ ಆರೂವರೆ ಮೇಲೆ ಹೊಸ ಪ್ರಶ್ನೆ ಕೇಳೋರು ಇರ್ಲಿಲ್ಲ, ಒಪ್ಪಿಗೆ ಕೊಡೋರು ಮಾತ್ರ ಇರ್ತಿದ್ರು.”

ಭೀಮಾಶಂಕರ ಕಿಸೆಯಿಂದ ತೆಗೆದ ಪರವಾನಗಿಯ ಚಿತ್ರ ತೆಗೆದು ಕಳಿಸಿದೆವು. ಏಳು ಗಂಟೆ ಹತ್ತು ನಿಮಿಷಕ್ಕೆ ಒಪ್ಪಿಗೆ ಬಂತು. ಅವನು ಪ್ರಿಯಂವದಾ ಅವರ ಕಾಲಿಗೆ ಬೀಳಲು ಬಗ್ಗಿದ. ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದು, “ಬೇಡ ಬೇಡ, ಬರೆದಿದ್ದು ಡಾಕ್ಟ್ರು” ಎಂದರು. ಆ ಭರದಲ್ಲಿ ನನ್ನ ವಾಕರುಗಳ ಸಾಲು ಉರುಳಿತು. ಯಾರಿಗೂ ಏಟಾಗಲಿಲ್ಲ.

ಗುರುವಾರ ಬೆಳಿಗ್ಗೆ ಅಮೃತಮ್ಮನ ಕಣಕಾಲಿಗೆ ತಗಡು ಕೂತಿತು.

ಕಥೆ ಅಲ್ಲಿಗೆ ಮುಗಿಯಬಹುದಿತ್ತು, ಬೇರೆಯವರಾಗಿದ್ದರೆ. ಮುಂದಿನ ಸೋಮವಾರ ಪ್ರಿಯಂವದಾ ಒಂದು ಹಾಳೆ ಹಿಡಿದು ಟೀಗೆ ಬಂದರು. ಮೊದಲ ಸಾಲು ತಾನೇ ಟಿಕ್ ಆಗುತ್ತದೆ ಎಂದು ಅಕ್ತರ್ ಹೇಳಿದಾಗ ಅವರಿಗೆ ಹೊಳೆದಿದ್ದು ಅದು: ಅಮೃತಮ್ಮ ಒಬ್ಬರೇ ಇರಲಾರರು. ಆರು ತಿಂಗಳ ಫೈಲು ತೆಗೆದು, ಅರವತ್ತು ದಾಟಿದ ಹೆಂಗಸರು ಬೈಕು, ಸ್ಕೂಟರು ಓಡಿಸಿ ಬಿದ್ದದ್ದು ಎಷ್ಟು ಎಂದು ಎಣಿಸಿದ್ದರು.

“ಹನ್ನೊಂದು ಜನ ಶೆಟ್ರೇ. ಒಬ್ಬರಿಗೆ ಎಪ್ಪತ್ತೆಂಟು.”

“ಎಪ್ಪತ್ತೆಂಟಕ್ಕೆ ಬೈಕಾ?”

“ಬುಲೆಟ್ಟು. ಕ್ಯಾಟರಾಕ್ಟ್ ಆಪರೇಷನ್ ಆದ ಮೂರನೇ ದಿನ.” ಅವರಿಗೇ ನಗು ತಡೆಯಲಾಗಲಿಲ್ಲ. ಮತ್ತೆ ಗಂಭೀರವಾದರು. “ಹನ್ನೊಂದಕ್ಕೂ ನಾಲ್ಕು ಹಾಕಿದ್ದು ನಾನೇ. ಊಹೆ ಮಾಡ್ಬಾರ್ದು ಅಂತ ಕಣ್ಣು ಮುಚ್ಕೊಂಡು ಹಾಕಿದ್ದೀನಿ.”

“ಯಾರೂ ಕೇಳಿಲ್ಲವಲ್ಲ, ಬಿಟ್ಬಿಡಿ” ಎಂದೆ. ವ್ಯಾಪಾರಿಯ ಬುದ್ಧಿ, ಹಿಂದಿರುಗಿಸದ ಮಾಲನ್ನು ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ.

ಬಿಡಲಿಲ್ಲ. ತಮ್ಮ ಮೇಲಿನವರಿಗೆ ತಾವೇ ಬರೆದು ಕೊಟ್ಟರು. ಮೂರು ತಿಂಗಳಿಗೊಮ್ಮೆ ನಡೆಯುವ ಕೆಲಸದ ಪರಿಶೀಲನೆಯಲ್ಲಿ ಅವರ ಅಂಕ ಮೊದಲ ಸಲ ನೂರಕ್ಕೆ ತೊಂಬತ್ತೈದರ ಕೆಳಗೆ ಹೋಯಿತು. ಕಂಪ್ಯೂಟರಿನ ಮೊದಲ ಸಾಲು ಖಾಲಿ ಬಿಡುವಂತೆ ಮಾಡಿಸಿದರು. ಈಗ ಡಾಕ್ಟರು ತಾವೇ ಆರಿಸದಿದ್ದರೆ ಮುಂದಿನ ಪುಟಕ್ಕೆ ಹೋಗುವುದಿಲ್ಲ. ಉಳಿದ ಹತ್ತು ಜನರನ್ನು ತಪಾಸಣೆಗೆ ಬಂದಾಗಲೋ ಫೋನಿನಲ್ಲೋ ಡಾಕ್ಟರುಗಳೇ ಕೇಳಿದರು. ಬುಲೆಟ್ ಅಜ್ಜಿ ಮೊಮ್ಮಗನ ಹಿಂದೆ ಕೂತಿದ್ದರು. ಒಬ್ಬರು ಗಂಡನ ಹಿಂದೆ, ಒಬ್ಬರು ಅಳಿಯನ ಹಿಂದೆ. ಹೀಗೆ ಒಂಬತ್ತು ಜನ.

ಹತ್ತನೆಯವರು ಪುಲಿಕೇಶಿನಗರದ ನಿವೃತ್ತ ಟೀಚರು, ಅರವತ್ತೇಳು. ಅಕ್ತರ್ ಫೋನು ಮಾಡಿ, “ಆಂಟಿ, ಅವತ್ತು ನೀವು ಯಾರ ಹಿಂದೆ ಕೂತಿದ್ರಿ?” ಎಂದು ಕೇಳಿದರಂತೆ. ಪ್ರಿಯಂವದಾ ಪಕ್ಕದಲ್ಲೇ ನಿಂತು, ಹೀಗೆ ಕೇಳಬಾರದು ಎಂದು ಕೈಸನ್ನೆ ಮಾಡುತ್ತಿದ್ದರಂತೆ.

“ಯಾರ ಹಿಂದೆ ಅಂದ್ರೆ?” ಎಂದರಂತೆ ಆಕೆ. “ಇಪ್ಪತ್ತೆರಡು ವರ್ಷದಿಂದ ಸ್ಕೂಟರ್ ಓಡಿಸ್ತಿದ್ದೀನಿ. ನನ್ನ ಹಿಂದೆ ಕೂತಿದ್ದು ನಮ್ಮ ಯಜಮಾನ್ರು. ಅವರಿಗೆ ಏನೂ ಆಗ್ಲಿಲ್ಲ. ಅದನ್ನ ಕೇಳೋಕೆ ಫೋನ್ ಮಾಡಿದ್ಯಾ?”

ಇದನ್ನು ಹೇಳುವಾಗ ಪ್ರಿಯಂವದಾ ಅವರ ಮುಖದಲ್ಲಿ ಇಳಿದುಹೋದ ಅಂಕವೆಲ್ಲ ಬಡ್ಡಿ ಸಮೇತ ಮರಳಿ ಬಂದಂತಿತ್ತು. “ನೋಡಿದ್ರಾ? ಹನ್ನೊಂದನ್ನೂ ನಾನೇ ಐದು ಮಾಡ್ಬಿಟ್ಟಿದ್ರೆ?”

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಮೃತಮ್ಮ ಕೊನೆಯ ತಪಾಸಣೆಗೆ ಬಂದರು. ಮಗನ ಬೈಕಿನ ಹಿಂದೆ, ಎರಡೂ ಕಾಲು ಎಡಗಡೆ ಇಳಿಬಿಟ್ಟು, ಮಡಿಲಲ್ಲಿ ಬಟ್ಟೆಯ ಗಂಟು. ತಲೆಗೆ ಹೆಲ್ಮೆಟ್ಟು ಮಾತ್ರ ಹೊಸದು. ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹನ್ನೊಂದು ಗಂಟೆ, ಪ್ರಿಯಂವದಾ ಟೀ ಹಿಡಿದು ನಿಂತಿದ್ದರು.

“ಅಮೃತಮ್ಮ, ಮತ್ತೆ ಹಂಗೇ ಕೂತ್ಕೊಂಡ್ ಬಂದ್ರಾ? ಎರಡೂ ಕಡೆ ಕಾಲು ಹಾಕಿ ಕೂತ್ಕೋಬೇಕು.”

“ಸೀರಿ ಉಟ್ಕೊಂಡು ಹಂಗ ಕುಂದ್ರಾಕ ಬರ್ತೈತೇನವಾ? ನೀ ಒಂದ್ ನಂಬರ್ ಹಾಕ್ಕೋ, ನಾ ಹಿಂಗ ಕುಂತೀನಿ ಅಂತ.”

“ಹಿಂಗೆ ಕೂತಿದ್ದಕ್ಕೆ ಪುಸ್ತಕದಲ್ಲಿ ನಂಬರ್ ಇಲ್ಲ.”

“ಇಲ್ಲಂದ್ರ ಅದೆಂಥಾ ಪುಸ್ತಕ!” ಗಂಟು ಬಿಚ್ಚಿ, ಒಬ್ಬೊಬ್ಬರ ಕೈಗೂ ಎರಡೆರಡು ರೊಟ್ಟಿ ಇಟ್ಟರು. ನನಗೆ ಮೂರು ಎಂದು ಕೇಳಲು ಧೈರ್ಯವಾಗಲಿಲ್ಲ.

ಪ್ರಿಯಂವದಾ ಒಂದು ತುಂಡು ಮುರಿದು ಬಾಯಿಗಿಟ್ಟರು. “ನೀವೇ ಬಡಿದದ್ದಾ?” ಎಂದು ಕೇಳಲು ಬಾಯಿ ತೆರೆದವರು ತಡೆದುಕೊಂಡು, “ಇದನ್ನ ಯಾರು ಮಾಡಿದ್ದು?” ಎಂದರು.

“ನಾನ ಮಾಡೀನಿ. ನಿಂತು ಬಡದೀನಿ. ಹೋದ ವಾರದಿಂದ ಖಾನಾವಳಿಗೆ ಹೊಂಟೀನಿ. ಮೊದ್ಲ ಐವತ್ತಕ್ಕ ಕಾಲ ಹಿಡೀತಿತ್ತು. ನಿನ್ನಿ ನೂರಾ ಇಪ್ಪತ್ತಾತು.”

ತಪಾಸಣೆಗೆ ಅರ್ಧ ಗಂಟೆ ಇತ್ತು. ನಾನು ಸ್ಟೂಲು ಹಾಕಿದೆ, ಕೂರಲಿಲ್ಲ. ಹೊಸದಾಗಿ ಬಂದ ಹಗುರವಾದ ಊರುಗೋಲೊಂದನ್ನು ತೋರಿಸಿದೆ, ಕೈಗೆ ತೆಗೆದುಕೊಂಡು ಹಿಡಿ ಚೆನ್ನಾಗಿದೆ ಎಂದು ಹೊಗಳಿ ವಾಪಸು ಕೊಟ್ಟರು. ನಾನೇ ಮಾರಿದ ವಾಕರ್ ಎಲ್ಲಿ ಎಂದು ಕೇಳಿದೆ. ಖಾನಾವಳಿಯ ಹಿತ್ತಲಲ್ಲಿ ಇದೆಯಂತೆ. ರೊಟ್ಟಿ ಮುಚ್ಚುವ ಬಟ್ಟೆ ಒಣಹಾಕಲು ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲವಂತೆ.

ಅರ್ಧ ಗಂಟೆಯೂ ಅಂಗಡಿಯ ಮುಂದೆ, ಯಾವುದನ್ನೂ ಹಿಡಿಯದೆ, ಎರಡು ಕಾಲ ಮೇಲೆ ನಿಂತೇ ಇದ್ದರು.